ತಂಗಿಗೆ ಆರಿಸಿದ ಪಿಸ್ತೂಲು

ಕೊರೋನಾ ಬಂದ ಮೊದಲ ವರ್ಷದ ಜೂನ್ ತಿಂಗಳು. ಬೆಳಿಗ್ಗೆ ಏಳರ ಹೊತ್ತಿಗೆ ಜಪಾನಿನ ಕಾವಾಸಾಕಿಯ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ರವೆ ಹುರಿಯುತ್ತಿದ್ದೆ. ಅಮೆರಿಕದಲ್ಲಿದ್ದ ತಂಗಿಯ ವಿಡಿಯೋ ಕಾಲ್ ಬಂತು. ಅವಳಿಗೆ ಅದು ಹಿಂದಿನ ದಿನದ ಸಂಜೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದೆ. ಊಟ ಆಯ್ತಾ, ತಿಂಡಿ ಆಯ್ತಾ ಏನೂ ಕೇಳದೆ ಅವಳು, "ಅಕ್ಕಾ, ನನಗೊಂದು ಹ್ಯಾಂಡ್‌ಗನ್ ಆರಿಸಿಕೊಡ್ತೀಯಾ?" ಅಂದಳು.

"ಹ್ಯಾಂಡ್ ಏನು?"

"ಗನ್. ಪಿಸ್ತೂಲು. ಮನೇಲಿ ಇಟ್ಕೊಳ್ಳೋಕೂ ಆಗಬೇಕು, ಹೊರಗೆ ಹೋಗುವಾಗ ಯಾರಿಗೂ ಕಾಣದ ಹಾಗೆ ಬಟ್ಟೆ ಒಳಗೆ ಇಟ್ಕೊಂಡು ಓಡಾಡೋಕೂ ಆಗಬೇಕು. ಎರಡಕ್ಕೂ ಒಂದೇ."

ರವೆ ಹೊತ್ತಿ ಕಪ್ಪಾಯಿತು. ಒಲೆ ಆರಿಸಿ ಕುರ್ಚಿ ಎಳೆದುಕೊಂಡು ಕೂತೆ.

ನನ್ನ ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅಲ್ಲಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಆ ದೇಶಕ್ಕೆ ಹೋಗಿ ಹದಿನಾಲ್ಕು ವರ್ಷವಾಗಿತ್ತು, ಡಿವೋರ್ಸ್ ಆಗಿ ಮೂರು. ಊರಂಚಿನ ಒಂದಂತಸ್ತಿನ ಮನೆಯಲ್ಲಿ ಒಬ್ಬಳೇ ಇದ್ದಳು. ಚಿಕ್ಕಂದಿನಿಂದ ಅವಳಿಗೆ ಬೇಕಾದುದನ್ನೆಲ್ಲ ಆರಿಸಿದ್ದು ನಾನೇ. ಮೈಸೂರಿನಲ್ಲಿ ಅವಳ ಮೊದಲ ಸೈಕಲ್ಲು, ಪಿಯುಸಿಗೆ ಕಾಲೇಜು, ಅಲ್ಲಿಗೆ ಹೋದಮೇಲೆ ಕಾರು, ಫ್ರಿಜ್ಜು, ಇನ್ಶೂರೆನ್ಸು. ನನ್ನ ಕೆಲಸವೇ ಅಂಥದ್ದು. ರೈಲಿನ ಬಾಗಿಲು ತೆರೆದು ಮುಚ್ಚುವ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ನಾನು ಇಂಜಿನಿಯರ್. ಯಾವ ಭಾಗ ಹೇಗೆ ಕೆಡಬಹುದು, ಕೆಟ್ಟರೆ ಏನಾದೀತು ಎಂದು ಮೊದಲೇ ಯೋಚಿಸಿ ಪಟ್ಟಿ ಮಾಡುವುದು ನನ್ನ ಹೊಟ್ಟೆಪಾಡು.

"ಏನಾಯ್ತು ಹೇಳು," ಅಂದೆ.

ಅವಳು ಹೇಳಿದಳು. ಎರಡು ವಾರದ ಹಿಂದೆ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಒಬ್ಬ ಅವಳ ಹಿಂದೆಯೇ ಬಂದು, ಈ ರೋಗ ತಂದವರು ನೀವೇ ಎಂದು ಕೂಗಿ, ಅವಳ ಕಾರಿನ ಬಾಗಿಲಿಗೆ ಒದ್ದಿದ್ದ. ಅದನ್ನು ಅವಳು ನನಗೆ ಹೇಳಿಯೇ ಇರಲಿಲ್ಲ. ಮೂರು ದಿನದ ಹಿಂದೆ, ರಜೆಯ ಮಧ್ಯಾಹ್ನ ಸೋಫಾದಲ್ಲಿ ಮಲಗಿದ್ದಾಗ ಹಿಂಬಾಗಿಲ ಹಿಡಿ ತಿರುಗಿದ ಸದ್ದು. ಗಾಜಿನಾಚೆ ಒಬ್ಬ ಗಂಡಸಿನ ಭುಜ. ಅವನು ಎರಡು ಸಲ ಬಾಗಿಲನ್ನು ತಳ್ಳಿ ನೋಡಿ, ಮನೆಯನ್ನೊಂದು ಸುತ್ತು ಹಾಕಿ ಹೋಗಿದ್ದ. ಪೊಲೀಸರು ಬರುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಅಷ್ಟೂ ಹೊತ್ತು ಅವಳು ಬಚ್ಚಲುಮನೆಯೊಳಗೆ ಚಿಲಕ ಹಾಕಿಕೊಂಡು ಕೂತಿದ್ದಳು.

"ಬಂದ ಪೊಲೀಸ್ ಏನಂದ ಗೊತ್ತಾ? ಒಬ್ಬರೇ ಇರ್ತೀರಾ, ಗನ್ ಇಲ್ವಾ ಅಂದ. ಇಲ್ಲ ಅಂದಿದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದ."

ನನ್ನ ತಂಗಿ ಬಚ್ಚಲುಮನೆಯಲ್ಲಿ ಕೂತಿದ್ದ ಆ ಚಿತ್ರ ನನಗೆ ಸಾಕಾಯಿತು. "ಸರಿ, ನೋಡ್ತೀನಿ," ಅಂದೆ.

ನಾನಿದ್ದ ದೇಶದಲ್ಲಿ ಸಾಮಾನ್ಯ ಮನುಷ್ಯನಿಗೆ ಪಿಸ್ತೂಲು ಸಿಗುವುದೇ ಇಲ್ಲ. ಹನ್ನೊಂದು ವರ್ಷದಲ್ಲಿ ನಾನು ಅದನ್ನು ಪೊಲೀಸರ ಸೊಂಟದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಆದರೂ ಅವತ್ತಿನಿಂದ ಮನೆಯಲ್ಲೇ ಕೂತು ಮಾಡುತ್ತಿದ್ದ ಆಫೀಸಿನ ಕೆಲಸದ ನಡುವೆ, ಊಟದ ಬಿಡುವಿನಲ್ಲಿ, ಪಿಸ್ತೂಲುಗಳ ಬಗ್ಗೆ ಓದತೊಡಗಿದೆ. ಒಂದು ಪಟ್ಟಿ ತೆರೆದೆ.

ಮೊದಲು ರಿವಾಲ್ವರೋ ಪಿಸ್ತೂಲೋ ಅನ್ನುವ ಪ್ರಶ್ನೆ. ರಿವಾಲ್ವರ್ ಸರಳ, ಟ್ರಿಗರ್ ಒತ್ತಿದರೆ ಆಯಿತು, ಒಳಗೆ ಗುಂಡು ಸಿಕ್ಕಿಹಾಕಿಕೊಳ್ಳುವುದು ಅಪರೂಪ. ಆದರೆ ಗುಂಡು ಐದೋ ಆರೋ ಮಾತ್ರ, ಟ್ರಿಗರ್ ಬಲು ಗಡುಸು. ಪಿಸ್ತೂಲಿನಲ್ಲಿ ಗುಂಡು ಹೆಚ್ಚು, ಟ್ರಿಗರ್ ಮೆದು. ಆದರೆ ಪ್ರತಿ ಸಲ ಗುಂಡು ತುಂಬಿದಾಗ ಮೇಲಿನ ಸ್ಲೈಡನ್ನು ಬಲವಾಗಿ ಹಿಂದಕ್ಕೆ ಎಳೆಯಬೇಕು. ಎಂಟನೇ ಕ್ಲಾಸಿನಲ್ಲಿ ಸೈಕಲ್ಲಿನಿಂದ ಬಿದ್ದು ತಂಗಿಯ ಬಲ ಮಣಿಕಟ್ಟು ಮುರಿದಿತ್ತು. ಈಗಲೂ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಅವಳಿಗೆ ಕಷ್ಟ. ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡೆ.

ಬಟ್ಟೆಯೊಳಗೆ ಅಡಗಬೇಕಾದರೆ ಚಿಕ್ಕದಿರಬೇಕು ಎಂದುಕೊಂಡಿದ್ದೆ. ಚಿಕ್ಕದಾದಷ್ಟೂ ಅದು ಕೈಯನ್ನು ಒದೆಯುತ್ತದೆ, ಗುರಿ ತಪ್ಪುತ್ತದೆ, ಅಭ್ಯಾಸ ಮಾಡಲು ಮನಸ್ಸೇ ಬರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಮನೆಗಾದರೆ ದೊಡ್ಡದು ಒಳ್ಳೆಯದು, ಮೈಮೇಲಿಟ್ಟುಕೊಳ್ಳಲು ಚಿಕ್ಕದು. ಎರಡಕ್ಕೂ ಒಂದೇ ಎಂದರೆ ನಡುವಿನ ಅಳತೆಯದು. ವ್ಯಾನಿಟಿ ಬ್ಯಾಗಿನಲ್ಲಿ ಇಡಬಾರದು, ಬ್ಯಾಗು ಕಿತ್ತುಕೊಂಡು ಹೋದರೆ ಗನ್ನೂ ಅದರ ಜೊತೆಗೇ ಹೋಗುತ್ತದೆ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್, ಸೊಂಟಕ್ಕೆ ಕಟ್ಟುವ ಒರೆ, ಬೇಕು. ಮನೆಯಲ್ಲಿರುವಾಗ ಬೆರಳೊತ್ತಿದರೆ ತೆರೆಯುವ ಉಕ್ಕಿನ ಪೆಟ್ಟಿಗೆ ಬೇಕು. ಅಲ್ಲಿನ ಮನೆಗಳ ಒಳಗೋಡೆ ತೆಳು ಹಲಗೆ, ಗುಂಡು ಅದರಾಚೆಗೂ ಹೋಗುತ್ತದೆ. ಇದೆಲ್ಲ ಓದುತ್ತ ಓದುತ್ತ ನನಗೊಂದು ಬಗೆಯ ನೆಮ್ಮದಿ ಬರುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ತಂಗಿಯ ಭಯವನ್ನು ನಾನು ಇಂಚು, ಗ್ರಾಂಗಳಿಗೆ ಇಳಿಸಿಬಿಟ್ಟಿದ್ದೆ.

ಶಿನಾಗಾವಾದ ಆಫೀಸಿಗೆ ವಾರಕ್ಕೆರಡು ದಿನ ಮಾತ್ರ ಹೋಗುತ್ತಿದ್ದ ನನ್ನ ಗಂಡ ಒಂದು ದಿನ ನನ್ನ ಲ್ಯಾಪ್‌ಟಾಪ್ ಇಣುಕಿ ನೋಡಿ, "ಬೇಡ ಅಂತ ಹೇಳಬಾರದಾ?" ಅಂದರು. "ಬೇಡ ಅಂದರೆ ಅವಳು ನನ್ನ ಬಿಟ್ಟು ಇನ್ಯಾರನ್ನೋ ಕೇಳ್ತಾಳೆ," ಅಂದೆ. ಅದು ನಿಜವೂ ಆಗಿತ್ತು. ಒಂಬತ್ತು ವರ್ಷದ ಮಗಳು ಹಿಂದೆ ಬಂದು ನಿಂತು ತೆರೆಯ ಮೇಲಿನ ಚಿತ್ರ ನೋಡಿ, "ಓಮೊಚಾ?" ಅಂದಳು. ಆಟದ ಸಾಮಾನಾ ಎಂದು. ಹೌದು ಪುಟ್ಟೀ, ಅಂದೆ.

ಜುಲೈ ಮೊದಲ ವಾರ, ಒಂದು ಮಧ್ಯಾಹ್ನ ಬಾಗಿಲ ಗಂಟೆ ಬಡಿಯಿತು. ಮಾಸ್ಕ್ ಹಾಕಿದ ಪೊಲೀಸ್ ಒಬ್ಬ ನಿಂತಿದ್ದ. ನನ್ನ ಪಟ್ಟಿಯ ಸುದ್ದಿ ಇವರಿಗೆ ಹೇಗೋ ತಿಳಿದುಹೋಯಿತೇ ಎಂಬ ಹುಚ್ಚು ಯೋಚನೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ, "ಸುಮಿಮಾಸೆನ್, ಕ್ಷಮಿಸಿ, ಕೆಳಗಿನ ಮನೆಯವರ ಬಗ್ಗೆ ಸ್ವಲ್ಪ ಕೇಳಬೇಕಿತ್ತು," ಅಂದ.

ನಮ್ಮ ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದರು. ಗಂಡ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ನಮ್ಮ ಮಗಳು ಅವರನ್ನು ಓಜೀಸಾನ್, ಅಜ್ಜ, ಎನ್ನುತ್ತಿದ್ದಳು, ನಾವೂ ಹಾಗೇ ಕರೆಯುತ್ತಿದ್ದೆವು. ಅವರ ಹತ್ತಿರ ಒಂದು ಶಾಟ್‌ಗನ್ ಇದೆ, ಬೆಟ್ಟದ ಕಡೆಯ ಶೂಟಿಂಗ್ ಮೈದಾನದಲ್ಲಿ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವುದು ಅವರ ಹವ್ಯಾಸ ಎಂದು ನನಗೆ ಅವತ್ತೇ ಗೊತ್ತಾದದ್ದು. ಲೈಸೆನ್ಸ್ ನವೀಕರಣಕ್ಕೆ ಬಂದಿತ್ತಂತೆ.

ಅವನ ಪ್ರಶ್ನೆಗಳು ನನಗೆ ಇನ್ನೂ ನೆನಪಿವೆ. ಅವರ ಮನೆಯಿಂದ ಜಗಳದ ಸದ್ದು ಕೇಳಿಸುತ್ತದೆಯೇ? ಹೆಂಡತಿಯ ಜೊತೆ ಹೇಗಿದ್ದಾರೆ? ಕುಡಿಯುತ್ತಾರೆಯೇ? ಇತ್ತೀಚೆಗೆ ಮೊದಲಿನಂತಿಲ್ಲ ಅನ್ನಿಸಿದೆಯೇ? ನಿಮ್ಮನ್ನು ಕಂಡರೆ ಮಾತಾಡಿಸುತ್ತಾರೆಯೇ? ಬಂದೂಕು ಯಾವ ಅಳತೆಯದು, ಎಷ್ಟು ತೂಕ ಎನ್ನುವ ಮಾತೇ ಇಲ್ಲ. ಅವನು ಕೇಳಿದ್ದೆಲ್ಲ ಮನುಷ್ಯನ ಬಗ್ಗೆ. ಪರದೇಶದ ಹೆಂಗಸೊಬ್ಬಳ ಮಾತನ್ನು ಪುಟ್ಟ ಪುಸ್ತಕದಲ್ಲಿ ಅಷ್ಟು ಗಮನವಿಟ್ಟು ಬರೆದುಕೊಂಡದ್ದು ಕಂಡು ಆಶ್ಚರ್ಯವಾಯಿತು. "ತುಂಬಾ ಒಳ್ಳೆಯವರು. ದಿನಾ ಸಂಜೆ ಹೆಂಡತಿಯ ಗಾಲಿಕುರ್ಚಿ ತಳ್ಳಿಕೊಂಡು ಮೂಲೆಯ ಕೊಂಬಿನಿ ಅಂಗಡಿಯವರೆಗೆ ಹೋಗಿ ಬರುತ್ತಾರೆ," ಅಂದೆ. ಅವನು ಮತ್ತೆ ಬಗ್ಗಿ ಹೋದ.

ಅದರ ಮರುದಿನವೇ ನಾನು ತಂಗಿಗೆ ನನ್ನ ಆಯ್ಕೆ ಹೇಳಿದೆ. ನಡುವಿನ ಅಳತೆಯದು, ಸ್ಲೈಡ್ ಹಗುರವಾಗಿ ಎಳೆಯಬಹುದಾದದ್ದು. ಪೊಲೀಸನ ಪ್ರಶ್ನೆಗಳು ತಲೆಯಲ್ಲಿ ಇರಲಿಲ್ಲವೆಂದಲ್ಲ. ಅವು ಅಜ್ಜನ ಬಗ್ಗೆ, ಈ ದೇಶದ ಬಗ್ಗೆ, ನನ್ನ ತಂಗಿಗೆ ಅವು ಯಾಕೆ ಎಂದುಕೊಂಡಿದ್ದೆ.

ಅವಳು ಅಂಗಡಿಗೆ ಹೋದಳು. ಸೋಂಕಿನ ಭಯಕ್ಕೆ, ಆಗ ಅಲ್ಲಿ ನಡೆಯುತ್ತಿದ್ದ ಬೀದಿ ಗಲಾಟೆಗಳ ಭಯಕ್ಕೆ ಜನ ಮುಗಿಬಿದ್ದು ಕೊಂಡು ಗಾಜಿನ ಕಪಾಟುಗಳೆಲ್ಲ ಖಾಲಿಯಾಗಿದ್ದವಂತೆ. ನಾನು ಹೇಳಿದ ಮಾಡಲ್ ಇರಲಿಲ್ಲ. ಇದ್ದುದನ್ನು ಕೊಳ್ಳಿ ಎಂದು ಅಂಗಡಿಯವನು ಒಂದು ಪುಟಾಣಿ ಪಿಸ್ತೂಲು ತೋರಿಸಿದ. ಅವಳು, "ಇಲ್ಲ, ನಮ್ಮಕ್ಕ ಹೇಳಿದ್ದೇ ಬೇಕು," ಎಂದು ಹೆಸರು ಬರೆಸಿ ಬಂದಳು. ಮೂರ್ನಾಲ್ಕು ವಾರ ಕಾಯಬೇಕು ಅಂದಿದ್ದರು.

ಆ ದಿನಗಳಲ್ಲೇ ಅಜ್ಜನ ಹೆಂಡತಿ ಆಸ್ಪತ್ರೆ ಸೇರಿದರು. ಕೊರೋನಾ ಅಲ್ಲ, ಹಳೆಯ ಹೃದಯದ ಕಾಯಿಲೆ. ಆದರೆ ನೋಡಲು ಬಿಡುತ್ತಿರಲಿಲ್ಲ. ಅಜ್ಜ ಬಟ್ಟೆಯ ಗಂಟನ್ನು ಆಸ್ಪತ್ರೆಯ ಬಾಗಿಲಲ್ಲಿ ಕೊಟ್ಟು, ಒಗೆಯುವ ಬಟ್ಟೆ ತೆಗೆದುಕೊಂಡು ಬರುತ್ತಿದ್ದರು. ಹನ್ನೆರಡನೆಯ ದಿನ ಆಕೆ ತೀರಿಕೊಂಡರು. ಅಂತ್ಯಕ್ರಿಯೆಗೆ ಅಜ್ಜ ಮತ್ತು ಅವರ ಒಬ್ಬ ತಮ್ಮ, ಇಬ್ಬರೇ. ನಾನು ಒಂದು ಬಿಳಿ ಹೂವಿನ ಗೊಂಚಲು ಅವರ ಬಾಗಿಲ ಬಳಿ ಇಟ್ಟು ಬಂದೆ.

ಹತ್ತು ದಿನವಾಗಿರಬೇಕು. ಒಂದು ಬೆಳಿಗ್ಗೆ ಕೆಳಗೆ ಸೈಕಲ್ ಸ್ಟ್ಯಾಂಡಿನಲ್ಲಿ ಅಜ್ಜ ಸಿಕ್ಕರು. ಕಾಲರ್ ಇದ್ದ ಬಿಳಿ ಶರ್ಟು, ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಉದ್ದನೆಯದೊಂದು ಚೀಲ.

"ನನ್ನ ವಿಷಯವಾಗಿ ಪೊಲೀಸರು ಬಂದು ನಿಮಗೆ ತೊಂದರೆ ಕೊಟ್ಟರಂತೆ, ಕ್ಷಮಿಸಬೇಕು," ಅಂದರು.

"ಅಯ್ಯೋ, ತೊಂದರೆ ಏನಿಲ್ಲ. ಶೂಟಿಂಗಿಗೆ ಹೊರಟಿರಾ?"

"ಇಲ್ಲ. ಇದನ್ನು ಅವರಿಗೇ ಒಪ್ಪಿಸಿ ಬರುತ್ತೇನೆ."

"ಲೈಸೆನ್ಸ್ ಸಿಗಲಿಲ್ಲವೇ?"

"ಸಿಕ್ಕಿತು. ನೀವೆಲ್ಲ ಒಳ್ಳೆಯ ಮಾತು ಹೇಳಿದಿರಿ, ಸಿಕ್ಕಿತು." ಅವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಆದರೆ ಅವರು ನಿಮ್ಮನ್ನು ಕೇಳಿದಾಗ ನಾನು ಇಬ್ಬರಿದ್ದ ಮನೆಯ ಮನುಷ್ಯ. ಈಗ ಒಬ್ಬನೇ. ಮೊನ್ನೆ ಬೆಳಿಗ್ಗೆ ಬೀರು ತೆಗೆದು ಇದನ್ನು ಒರೆಸುತ್ತ ಕೂತೆ. ಎದ್ದಾಗ ಮಧ್ಯಾಹ್ನವಾಗಿತ್ತು. ಅಷ್ಟು ಹೊತ್ತು ಏನು ಯೋಚಿಸುತ್ತಿದ್ದೆ ಎಂದು ನನಗೇ ಗೊತ್ತಿಲ್ಲ. ಇದು ಮನೆಯಲ್ಲಿ ಇರಬಾರದು ಅನ್ನಿಸಿತು."

ನಲವತ್ತು ವರ್ಷ ಜೊತೆಗಿದ್ದ ಬಂದೂಕಂತೆ ಅದು. ತಲೆ ಬಾಗಿಸಿ, ರಸ್ತೆ ದಾಟಿ, ಬಸ್ ನಿಲ್ದಾಣದ ಕಡೆಗೆ ನಡೆದು ಹೋದರು. ನಾನು ಸೈಕಲ್ಲಿನ ಬೀಗ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ನನ್ನ ಪಟ್ಟಿಯಲ್ಲಿ ಪಿಸ್ತೂಲು ಹೇಗೆಲ್ಲ ಕೆಡಬಹುದೆಂದು ಇಪ್ಪತ್ತು ಸಾಲಿದ್ದವು. ನನ್ನ ತಂಗಿ ಹೇಗಿದ್ದಾಳೆ ಎಂಬ ಸಾಲು ಒಂದೂ ಇರಲಿಲ್ಲ.

ಮೇಲೆ ಬಂದು ತಕ್ಷಣ ಫೋನ್ ಮಾಡಿದೆ. ಅವಳು ಆಗತಾನೆ ಆಸ್ಪತ್ರೆಯಿಂದ ಬಂದು ಬಟ್ಟೆ ಬದಲಿಸಿ ಕೂತಿದ್ದಳು.

"ನಿನಗೆ ಕೆಲವು ಪ್ರಶ್ನೆ ಕೇಳ್ತೀನಿ, ಸಿಟ್ಟಾಗಬಾರದು," ಅಂದೆ. "ನಿದ್ದೆ ಬರ್ತಿದೆಯಾ?"

"ಬರತ್ತೆ. ಅಷ್ಟಿಷ್ಟು."

"ಊಟ?"

"ಏನಕ್ಕಾ ಇದು, ಇಂಟರ್‌ವ್ಯೂನಾ?"

"ಕೆಲಸ ಬಿಟ್ಟು ಬೇರೆ ಯಾರ ಜೊತೆಗಾದ್ರೂ ಮಾತಾಡಿ ಎಷ್ಟು ದಿನ ಆಯ್ತು?"

ಅವಳು ಪಕ್ಕದಲ್ಲಿದ್ದ ದಿಂಬಿನ ಕವರು ಸರಿಮಾಡತೊಡಗಿದಳು.

"ಸಾಯಬೇಕು ಅಂತ ಅನ್ನಿಸಿದೆಯಾ?"

ಆ ಮಾತನ್ನು ಕನ್ನಡದಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ನಮ್ಮ ಮನೆಯಲ್ಲಿ ಬೈಗುಳದಲ್ಲಿ ಬಿಟ್ಟರೆ ಆ ಶಬ್ದ ಯಾರೂ ಆಡಿದವರಲ್ಲ. ತಂಗಿಯ ಮುಖ ಕೆಂಪಾಯಿತು. "ಕಳ್ಳ ಬಂದಿದ್ದು ನನ್ನ ಮನೆಗೆ, ನೀನು ನನ್ನನ್ನೇ ಕಳ್ಳಿ ಥರಾ ವಿಚಾರಣೆ ಮಾಡ್ತಿದೀಯಲ್ಲ," ಎಂದು ಕಟ್ ಮಾಡಿಬಿಟ್ಟಳು.

ಮತ್ತೆ ಮಾಡಿದೆ. ಎತ್ತಲಿಲ್ಲ. ಒಂಬತ್ತೂವರೆಗೆ ಮೀಟಿಂಗ್ ಇತ್ತು. ಮ್ಯಾನೇಜರ್‌ಗೆ ಮೈ ಸರಿಯಿಲ್ಲ ಎಂದು ಮೆಸೇಜ್ ಹಾಕಿ ಫೋನಿನ ಮುಂದೆ ಕೂತೆ. ಅಲ್ಲಿಗೆ ವಿಮಾನವಿಲ್ಲ. ಇದ್ದರೂ, ಹೋದರೆ ಈ ದೇಶ ನನ್ನನ್ನು ವಾಪಸ್ ಒಳಗೆ ಬಿಡುತ್ತದೋ ಇಲ್ಲವೋ. ನಲವತ್ತು ನಿಮಿಷವಾದ ಮೇಲೆ ಅವಳೇ ಕರೆ ಮಾಡಿದಳು. ವಿಡಿಯೋ ಇರಲಿಲ್ಲ, ದನಿ ಮಾತ್ರ.

"ಅಕ್ಕಾ, ದಿನಾ ಬೆಳಿಗ್ಗೆ ನಾನು ವಾರ್ಡಿಗೆ ಔಷಧಿ ಕಳಿಸ್ತೀನಿ. ಒಂದೊಂದು ಪೊಟ್ಟಣದ ಮೇಲೂ ಪೇಷಂಟ್ ಹೆಸರಿರತ್ತೆ. ಮಧ್ಯಾಹ್ನ ಕೆಲವು ವಾಪಸ್ ಬರತ್ತೆ, ತಗೊಳ್ಳೋರು ಇಲ್ಲ ಅಂತ. ಆ ಹೆಸರಿನ ಲೇಬಲ್ ಹರಿದು ಹಾಕೋದು ನನ್ನ ಕೆಲಸ. ಮೊದಮೊದಲು ಒಂದೆರಡು ಬರ್ತಿತ್ತು."

ನಾನು ಲ್ಯಾಪ್‌ಟಾಪ್ ಮುಚ್ಚಿ ಫೋನನ್ನು ಕಿವಿಗೆ ಹಿಡಿದೆ.

"ಆ ಮನುಷ್ಯ ಬಾಗಿಲು ತಳ್ಳಿದಾಗ ನನಗೆ ಭಯ ಆಗಿದ್ದು ನಿಜ. ಗನ್ ಬೇಕು ಅನ್ನಿಸಿದ್ದೂ ನಿಜ. ಆದರೆ ಆಮೇಲೆ... ಕೆಲವು ದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ, ಯಾಕಾದ್ರೂ ಎಚ್ಚರ ಆಯ್ತೋ ಅನ್ನಿಸತ್ತೆ. ಆಗ ಮನೇಲಿ ಅದಿದ್ರೆ ಒಳ್ಳೇದು ಅಂತಾನೂ ಒಂದು ಯೋಚನೆ ಬರತ್ತೆ. ಅದು ಯಾವ ಒಳ್ಳೇದು ಅಂತ ನಾನು ಪೂರ್ತಿ ಯೋಚನೆ ಮಾಡಿಲ್ಲ."

ನನಗೆ ಅಳು ಬಂತು. ಅವಳು ಅಳಲಿಲ್ಲ. "ಅಂಗಡಿಗೆ ಫೋನ್ ಮಾಡಿ ಬೇಡ ಅಂತೀನಿ ಬಿಡು," ಅಂದಳು, ಹಾಲಿನವನಿಗೆ ನಾಳೆ ಹಾಲು ಬೇಡ ಅನ್ನುವ ಹಾಗೆ. ನಾನು ಫೋನ್ ಇಡಲು ಬಿಡಲಿಲ್ಲ. ಅವಳ ಜೊತೆ ಕೆಲಸ ಮಾಡುವವರಲ್ಲಿ ಯಾರನ್ನು ನಂಬುತ್ತೀಯ ಎಂದು ಕೇಳಿದೆ. ಫಿಲಿಪ್ಪೀನ್ಸಿನ ಒಬ್ಬ ನರ್ಸ್ ಎಂದಳು. ನಾನು ಲೈನಿನಲ್ಲಿ ಇರುವಾಗಲೇ ಇನ್ನೊಂದು ಫೋನಿನಿಂದ ಆಕೆಗೆ ಕರೆ ಮಾಡಿಸಿದೆ. ಆಕೆ ಇಪ್ಪತ್ತು ನಿಮಿಷದಲ್ಲಿ ಬಂದರು. ಬಾಗಿಲು ತೆರೆದ ಸದ್ದು, ಇಬ್ಬರು ಹೆಂಗಸರು ಇಂಗ್ಲಿಷಿನಲ್ಲಿ ಮಾತಾಡಿದ ಸದ್ದು ಕೇಳಿದ ಮೇಲೆಯೇ ನಾನು ಫೋನ್ ಇಟ್ಟದ್ದು.

ಆ ನರ್ಸ್ ನಾನು ಕಂಡವರಲ್ಲೇ ಗಟ್ಟಿಗಿತ್ತಿ. ತನ್ನ ಮನೆಯವರಿಗೆ ಸೋಂಕು ತಗುಲೀತೆಂದು ಅದಾಗಲೇ ಹೋಟೆಲಿನಲ್ಲಿದ್ದರು. "ಸುಮ್ಮನೆ ಯಾಕೆ ಹೋಟೆಲು," ಎಂದು ಎರಡು ಸೂಟ್‌ಕೇಸಿನೊಂದಿಗೆ ತಂಗಿಯ ಮನೆಗೇ ಬಂದುಬಿಟ್ಟರು. ಆ ವಾರವೇ ತಂಗಿಯನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಮಾತ್ರೆ ಶುರುವಾಯಿತು. ವಾರಕ್ಕೊಮ್ಮೆ ಒಬ್ಬರು ಕೌನ್ಸೆಲರ್ ಜೊತೆ ಮಾತು. ಹಿಂಬಾಗಿಲಿಗೆ ಏನು ಮಾಡಬೇಕೆಂದು ಮಾತ್ರ ನಾನೇ ಹೇಳಿದೆ. ಚೌಕಟ್ಟಿಗೆ ಉಕ್ಕಿನ ಪಟ್ಟಿ, ಉದ್ದ ತಿರುಪು, ಗಾಜಿನ ಬದಲು ಗಟ್ಟಿ ಹಲಗೆ. ಬಾಗಿಲುಗಳ ವಿಷಯ ನನಗೆ ಗೊತ್ತಿರುವಂಥದ್ದು.

ಎಲ್ಲ ಒಂದೇ ಸಲ ಸರಿಹೋಗಲಿಲ್ಲ. ಆ ಚಳಿಗಾಲದಲ್ಲಿ ಅವಳಿಗೆ ಎರಡು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ. ನಾವು ದಿನವೂ ಬೆಳಿಗ್ಗೆ ಏಳಕ್ಕೆ ಮಾತಾಡುತ್ತಿದ್ದೆವು. ಕೆಲವು ದಿನ ಹೇಳಲು ಏನೂ ಇರುತ್ತಿರಲಿಲ್ಲ. ನಾನು ತರಕಾರಿ ಹೆಚ್ಚುತ್ತಿದ್ದೆ, ಅವಳು ಅಲ್ಲಿ ಬಟ್ಟೆ ಮಡಿಸುತ್ತಿದ್ದಳು. ಮಗಳು ಸ್ಕೂಲಿಗೆ ಹೊರಡುವಾಗ ಫೋನಿಗೆ ಕೈಬೀಸಿ, "ಚಿಕ್ಕಮ್ಮಾ, ಇತ್ತೆಕಿಮಾಸು," ಎನ್ನುತ್ತಿದ್ದಳು, ಹೋಗಿ ಬರ್ತೀನಿ ಎಂದು.

ಜಪಾನಿನ ಗಡಿ ತೆರೆದ ವರ್ಷ ನವೆಂಬರಿನಲ್ಲಿ ತಂಗಿ ಕಾವಾಸಾಕಿಗೆ ಬಂದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳನ್ನು ಮುಟ್ಟಿದೆ. ತೆಳ್ಳಗಾಗಿದ್ದಳು, ಕೂದಲು ಬೆಳ್ಳಗಾಗಿತ್ತು, ನಗುವುದು ಮಾತ್ರ ಹಾಗೇ ಇತ್ತು. ನದಿಯ ದಂಡೆಯ ಮೇಲೆ ವಾಕಿಂಗ್ ಹೋದಾಗ ನಾನು ಎರಡು ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ.

"ಅವತ್ತು ಅಂಗಡಿಯಲ್ಲಿ ಸ್ಟಾಕ್ ಇದ್ದಿದ್ರೆ?"

"ತಂದಿರ್ತಿದ್ದೆ."

"ನಾನು ಆರಿಸಿದ್ದು."

"ಹೂಂ." ಅವಳು ಎದುರಿನಿಂದ ಬಂದ ಸೈಕಲ್ಲಿಗೆ ದಾರಿ ಬಿಟ್ಟಳು. "ಪ್ರಶ್ನೆ ಕೇಳಿದ್ದೂ ನೀನೇ. ಬೇರೆ ಯಾರೂ ಕೇಳಲಿಲ್ಲ."

ಅದು ಸಮಾಧಾನಕ್ಕೆ ಆಡಿದ ಮಾತೋ ಏನೋ. ನನಗೆ ಪೂರ್ತಿ ಸಮಾಧಾನ ಆಗಲಿಲ್ಲ, ಈಗಲೂ ಆಗಿಲ್ಲ. ರೈಲೊಂದು ಸೇತುವೆ ದಾಟಿ ಹೋಯಿತು. ಆಮೇಲೆ ಅವಳು ಹೇಳಿದ್ದು ನಾನು ಎಣಿಸಿರದ ಸಂಗತಿ. ಹಿಂದಿನ ಬೇಸಿಗೆಯಲ್ಲಿ, ಆ ನರ್ಸಿನ ಜೊತೆ, ಹೆಂಗಸರಿಗೆಂದೇ ಇದ್ದ ಶೂಟಿಂಗ್ ಕ್ಲಾಸಿಗೆ ಹೋಗಿದ್ದಳಂತೆ. ಅಲ್ಲಿಯದೇ ಪಿಸ್ತೂಲು ಹಿಡಿದು ಕಾಗದದ ಗುರಿಗೆ ಮೂವತ್ತು ಗುಂಡು ಹೊಡೆದಳಂತೆ.

"ನೀನು ಆರಿಸಿದ್ದ ಮಾಡಲ್ ಕೂಡ ಹಿಡಿದು ನೋಡಿದೆ. ನನ್ನ ಕೈಗೆ ಸರಿಹೋಗಲಿಲ್ಲ ಕಣೇ. ಹಿಡಿ ದಪ್ಪ."

"ಮತ್ತೆ ತಗೊಳ್ತೀಯಾ?"

"ಗೊತ್ತಿಲ್ಲ. ಈಗ ಬೇಡ. ಮುಂದೆ ಯಾವತ್ತಾದ್ರೂ ಬೇಕು ಅನ್ನಿಸಿದ್ರೆ ಮೊದಲು ಡಾಕ್ಟರಿಗೆ ಹೇಳ್ತೀನಿ, ಆಮೇಲೆ ನಿನಗೆ ಹೇಳ್ತೀನಿ. ಆರಿಸೋದು ಮಾತ್ರ ನಾನೇ."

ಗಾಳಿ ಜೋರಾಯಿತು. ಅವಳು ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆದುಕೊಂಡು, ಬಿಸಿ ಕಾಫಿ ಎಲ್ಲಿ ಸಿಗತ್ತೆ ಎಂದು ಕೇಳಿದಳು. ನಾವು ದಂಡೆ ಇಳಿದು ಸ್ಟೇಷನ್ನಿನ ಕಡೆಗೆ ನಡೆದೆವು.